ಲಾಟ್‌ಗೆ ಎಷ್ಟು ಜನ ಟೆಂಡರ್ ಹಾಕಿದ್ರು?

ಮಧ್ಯಾಹ್ನ ಎರಡೂವರೆಗೆ ಅಪ್ಪನ ಮೊಬೈಲ್‌ಗೆ ಮೆಸೇಜ್ ಬಂತು. ಲಾಟ್ ನಂಬರ್ (ನಮ್ಮ ರಾಶಿಗೆ ಕೊಟ್ಟ ನಂಬರ್), ಖರೀದಿದಾರರ ಹೆಸರು, ಕ್ವಿಂಟಲ್‌ಗೆ 1,910 ರೂಪಾಯಿ. ಬೆಳಗ್ಗೆ ಐದಕ್ಕೆ ಊರು ಬಿಟ್ಟು, 62 ಚೀಲ ಗೋವಿನಜೋಳವನ್ನು ಎಪಿಎಂಸಿ (ಕೃಷಿ ಉತ್ಪನ್ನ ಮಾರುಕಟ್ಟೆ ಸಮಿತಿ) ಯಾರ್ಡಿಗೆ ತಂದು, ದಲಾಲಿ ಅಂಗಡಿ ಮುಂದೆ ರಾಶಿ ಹಾಕಿ ಕೂತಿದ್ದೆವು. ಪಕ್ಕದ ಅಂಗಡಿ ಮುಂದಿದ್ದ ರಾಶಿ ನಮ್ಮೂರಿನವರದ್ದೇ. ಅದೇ ಬೀಜ, ಅದೇ ವಾರ ಒಕ್ಕಿದ್ದು, ಅದೇ ಬಿಸಿಲಿಗೆ ಒಣಗಿದ್ದು. ಅವರಿಗೆ ಬಂದ ರೇಟ್ 1,985.

ಅಪ್ಪ ಎದ್ದು ಆಫೀಸಿಗೆ ಹೋದರು. ಕಂಪ್ಯೂಟರ್ ಮುಂದೆ ಕೂತಿದ್ದ ಹುಡುಗ ಎರಡೂ ಲಾಟ್ ನಂಬರ್ ಹೊಡೆದು ನೋಡಿ, "ಯಜಮಾನ್ರ, ನಿಮ್ಮ ಲಾಟಿಗೆ ಇಬ್ಬರಷ್ಟ ಟೆಂಡರ್ ಹಾಕ್ಯಾರ್ರಿ. ಅವರದಕ್ಕ ಐದು ಮಂದಿ ಹಾಕ್ಯಾರ" ಅಂದ.

ನಮ್ಮ ಮಾಲು ಸುಮಾರು 37 ಕ್ವಿಂಟಲ್. ಕ್ವಿಂಟಲ್‌ಗೆ 75 ರೂಪಾಯಿ ಅಂದರೆ 2,775 ರೂಪಾಯಿ. ಟ್ರ್ಯಾಕ್ಟರ್ ಬಾಡಿಗೆ ಕೊಟ್ಟು ಇನ್ನೂ ಉಳಿಯುತ್ತಿತ್ತು. ಮಾಲಿನಲ್ಲಿ ವ್ಯತ್ಯಾಸ ಇರಲಿಲ್ಲ, ವ್ಯತ್ಯಾಸ ಇದ್ದದ್ದು ಮೂರು ಜನರಲ್ಲಿ. ಆ ಮೂರು ಜನ ನಮ್ಮ ರಾಶಿಯ ಮುಂದೆ ಬರಲೇ ಇಲ್ಲ.

ಇದಾಗಿ ನಾಲ್ಕು ವರ್ಷ ಆಯ್ತು. ಆದರೆ ಎಪಿಎಂಸಿ ಬಗ್ಗೆ ಯಾರೇ ವಾದ ಮಾಡಲಿ, ನನಗೆ ಆ ಹುಡುಗನ ಮಾತೇ ನೆನಪಾಗುತ್ತದೆ. ಯಾಕಂದ್ರೆ ವಾದ ಯಾವಾಗಲೂ ಒಂದೇ ಜಾಗದಲ್ಲಿ ಸುತ್ತುತ್ತದೆ: ಎಪಿಎಂಸಿ ಇರಬೇಕೋ ಬೇಡವೋ, ಯಾರ್ಡ್ ಒಳಗೆ ಮಾರಬೇಕೋ ಹೊರಗೆ ಮಾರಬೇಕೋ. ಒಂದು ಕಡೆಯವರು "ಸರ್ಕಾರದ ಹಿಡಿತ ಹೋದರೆ ಪೈಪೋಟಿ ತಾನಾಗಿ ಬರುತ್ತದೆ" ಅನ್ನುತ್ತಾರೆ. ಇನ್ನೊಂದು ಕಡೆಯವರು "ಹಿಡಿತ ಹೋದರೆ ರೈತ ಬೀದಿಗೆ ಬರುತ್ತಾನೆ" ಅನ್ನುತ್ತಾರೆ. ಇಬ್ಬರೂ ಕೇಳದ ಪ್ರಶ್ನೆ ಒಂದಿದೆ. ರೈತನ ರಾಶಿ ಮುಂದೆ ನಿಂತು ರೇಟ್ ಬರೆಯುವವರು ಎಷ್ಟು ಜನ? ಒಂದು ನಿಯಮ ಆ ಸಂಖ್ಯೆಯನ್ನು ಜಾಸ್ತಿ ಮಾಡಿದರೆ ಒಳ್ಳೆಯದು, ಕಡಿಮೆ ಮಾಡಿದರೆ ಕೆಟ್ಟದ್ದು. ಕಾನೂನು ಇದೆಯೋ ಇಲ್ಲವೋ ಅನ್ನೋದು ಆಮೇಲಿನ ಮಾತು.

ಈ ಸಂಖ್ಯೆಗೆ ಇಷ್ಟು ಮಹತ್ವ ಯಾಕೆ ಅಂತ ಮೊದಲು ಹೇಳಿಬಿಡುತ್ತೇನೆ. ನಮ್ಮಲ್ಲಿ ಹೆಚ್ಚಾಗಿ ನಡೆಯುವುದು ಕೂಗಿ ಹರಾಜು ಹಾಕುವ ಪದ್ಧತಿ ಅಲ್ಲ, ಮುಚ್ಚಿದ ಟೆಂಡರ್. ಪ್ರತಿ ಖರೀದಿದಾರ ತನ್ನ ರೇಟ್ ಬರೆಯುತ್ತಾನೆ, ಇನ್ನೊಬ್ಬ ಬರೆದದ್ದು ಅವನಿಗೆ ಕಾಣುವುದಿಲ್ಲ, ಎಲ್ಲರಿಗಿಂತ ಜಾಸ್ತಿ ಬರೆದವನಿಗೆ ಮಾಲು. ಈಗ ನೀವೇ ಖರೀದಿದಾರರು ಅಂದುಕೊಳ್ಳಿ. ಈ ಗೋವಿನಜೋಳ ನಿಮ್ಮ ಲೆಕ್ಕದಲ್ಲಿ 2,000 ರೂಪಾಯಿ ಬಾಳುತ್ತದೆ. ನೀವು 2,000 ಬರೆಯುತ್ತೀರಾ? ಇಲ್ಲ. ಬರೆದರೆ ನಿಮಗೆ ಉಳಿಯುವುದೇನು? ಸ್ವಲ್ಪ ಇಳಿಸಿಯೇ ಬರೆಯುತ್ತೀರಿ. ಎಷ್ಟು ಇಳಿಸುತ್ತೀರಿ ಅನ್ನೋದು, ಲಾಟ್ ಕೈ ತಪ್ಪೀತು ಅನ್ನೋ ಭಯ ನಿಮಗೆ ಎಷ್ಟಿದೆ ಅನ್ನೋದರ ಮೇಲೆ ನಿಂತಿದೆ. ಎದುರಿಗೆ ಒಬ್ಬನೇ ಇದ್ದಾನೆ ಅಂತ ಗೊತ್ತಿದ್ದರೆ ನೂರು ರೂಪಾಯಿ ಆರಾಮಾಗಿ ಇಳಿಸಬಹುದು. ಆರೇಳು ಜನ ಇದ್ದರೆ ಇಪ್ಪತ್ತೈದು ಇಳಿಸಲಿಕ್ಕೂ ಕೈ ಹಿಂದೆ ಬರುತ್ತದೆ. ಅಂದರೆ ಹೊಸ ಖರೀದಿದಾರ ಒಬ್ಬ ಬಂದರೆ, ಅವನು ಮಾಲು ಗೆಲ್ಲದೇ ಹೋದರೂ ಪರವಾಗಿಲ್ಲ, ಸುಮ್ನೆ ಅಲ್ಲಿ ಇದ್ದರೂ ರೈತನಿಗೆ ಲಾಭ. ಉಳಿದವರು ಬರೆಯುವ ರೇಟನ್ನು ಅವನ ಹಾಜರಿ ಮೇಲಕ್ಕೆ ತಳ್ಳುತ್ತದೆ.

ಇದಕ್ಕೆ ಇನ್ನೊಂದು ಮುಖವೂ ಇದೆ. ಜಾಸ್ತಿ ಜನ ಟೆಂಡರ್ ಹಾಕಿದಾಗ ಮಾಲು ನಿಜವಾಗಿ ಯಾರಿಗೆ ಹೆಚ್ಚು ಬೇಕೋ ಅವರ ಕೈ ಸೇರುತ್ತದೆ. ಒಣಗಿದ, ಗಟ್ಟಿ ಕಾಳು ಬೇಕಾದ ಸ್ಟಾರ್ಚ್ ಫ್ಯಾಕ್ಟರಿಗೆ ಅದು ನೇರವಾಗಿ ಸಿಗುತ್ತದೆ, ಕೋಳಿ ಆಹಾರದವರಿಗೆ ನಡೆಯುವ ಮಾಲು ಅವರಿಗೆ ಹೋಗುತ್ತದೆ. ಇಬ್ಬರೇ ಇದ್ದರೆ ಮಾಲು ಮೊದಲು ಅವರ ಗೋದಾಮಿಗೆ ಹೋಗಿ, ಅಲ್ಲಿಂದ ಮತ್ತೊಬ್ಬರಿಗೆ ಹೋಗಿ, ಮೂರು ಸಲ ಲೋಡ್ ಆಗಿ ಮೂರು ಸಲ ಇಳಿಯುತ್ತದೆ. ಆ ಹಮಾಲಿ, ಆ ಲಾರಿ ಬಾಡಿಗೆ, ಮಧ್ಯದವರ ಲಾಭ ಎಲ್ಲವೂ ರೈತನ ರೇಟಿನಿಂದಲೋ ತಿನ್ನುವವರ ಜೇಬಿನಿಂದಲೋ ಬರಬೇಕು. ಅರ್ಥಶಾಸ್ತ್ರದವರು ದಕ್ಷತೆ ಅಂತ ಕರೆಯುವುದು ಇದನ್ನೇ.

ಹಾಗಾದರೆ ಸರ್ಕಾರ ಇದರಲ್ಲಿ ಕೈ ಹಾಕಿದ್ದಾದರೂ ಯಾಕೆ? ಕೈ ಹಾಕುವ ಮೊದಲು ಪರಿಸ್ಥಿತಿ ಇನ್ನೂ ಕೆಟ್ಟದಾಗಿತ್ತು, ಅದಕ್ಕೆ. ದೇಶದಲ್ಲಿ ಮೊದಲ ನಿಯಂತ್ರಿತ ಮಾರುಕಟ್ಟೆ ಆಗಿದ್ದು 1886ರಲ್ಲಿ, ಬೇರಾರ್ ಪ್ರಾಂತ್ಯದ ಕಾರಂಜಾದಲ್ಲಿ, ಹತ್ತಿಗಾಗಿ. ಈಗ ಅದು ಮಹಾರಾಷ್ಟ್ರದಲ್ಲಿದೆ. ಬ್ರಿಟಿಷರಿಗೆ ರೈತರ ಮೇಲಿನ ಕಾಳಜಿಗಿಂತ ತಮ್ಮ ಗಿರಣಿಗಳಿಗೆ ಚೊಕ್ಕ ಹತ್ತಿ ಸಿಗಬೇಕು ಅನ್ನೋದೇ ಮುಖ್ಯವಾಗಿತ್ತು. 1928ರಲ್ಲಿ ರಾಯಲ್ ಕೃಷಿ ಆಯೋಗ ಇಂಥ ಮಾರುಕಟ್ಟೆಗಳು ಎಲ್ಲಾ ಕಡೆ ಆಗಬೇಕು ಅಂತ ಹೇಳಿತು. 1939ರಲ್ಲಿ ಮುಂಬೈ ಪ್ರಾಂತ್ಯವೂ ಮೈಸೂರು ಸಂಸ್ಥಾನವೂ ಕಾನೂನು ಮಾಡಿದವು. ಏಕೀಕರಣ ಆದ ಮೇಲೆ ಇಡೀ ರಾಜ್ಯಕ್ಕೆ ಒಂದೇ ಕಾನೂನು ಬಂದದ್ದು 1966ರಲ್ಲಿ.

ಅದಕ್ಕೂ ಮುಂಚಿನ ಪೇಟೆ ಹೇಗಿತ್ತು ಅಂತ ನಮ್ಮ ಅಜ್ಜ ಹೇಳುತ್ತಿದ್ದರು. ದಲಾಲಿಯೂ ಖರೀದಿದಾರನೂ ಟವೆಲ್ ಕೆಳಗೆ ಕೈ ಕೈ ಹಿಡಿದು, ಬೆರಳು ಒತ್ತಿ ರೇಟ್ ಮಾತಾಡುತ್ತಿದ್ದರು. ಮಾಲಿನ ಒಡೆಯ ಪಕ್ಕದಲ್ಲೇ ನಿಂತಿದ್ದರೂ ಅವನಿಗೆ ಏನೂ ಕಾಣುತ್ತಿರಲಿಲ್ಲ. ತೂಕದ ಕಲ್ಲು ಅವರದ್ದೇ. ಚೀಲಕ್ಕೆ ಇಷ್ಟು ಅಂತ ಧೂಳಿಗೆ ಮುರಿಯೋದು, ಧರ್ಮಕ್ಕೆ ಅಂತ ಒಂದಿಷ್ಟು ಮುರಿಯೋದು, ಸ್ಯಾಂಪಲ್ ಅಂತ ಬೊಗಸೆಗಟ್ಟಲೆ ತೆಗೆದುಕೊಳ್ಳೋದು. ಇದನ್ನು ಮುಕ್ತ ಮಾರುಕಟ್ಟೆ ಅಂತ ಕರೆಯಲಿಕ್ಕೆ ನನಗಂತೂ ಮನಸ್ಸು ಬರುವುದಿಲ್ಲ. ರೇಟ್ ಎಲ್ಲರಿಗೂ ಗೊತ್ತಾಗಬೇಕು, ತೂಕ ಎಲ್ಲರ ಕಣ್ಣೆದುರು ಆಗಬೇಕು, ದುಡ್ಡು ಕೂಡಲೇ ಸಿಗಬೇಕು ಅಂತ ಯಾರಾದರೂ ನಿಯಮ ಮಾಡಲೇಬೇಕಿತ್ತು. ಎಪಿಎಂಸಿ ಮಾಡಿದ್ದು ಅದನ್ನೇ. ಪೈಪೋಟಿ ಹುಟ್ಟಬೇಕಾದರೆ ಮೊದಲು ಒಂದು ಬಯಲು ಬೇಕು, ಆ ಬಯಲಿನಲ್ಲಿ ಬೆಳಕು ಬೇಕು. ಅಷ್ಟನ್ನು ಆ ಕಾನೂನು ಕೊಟ್ಟಿತು ಅನ್ನೋದನ್ನು ಮರೆಯಬಾರದು.

ಆಮೇಲೆ ಏನಾಯ್ತು ಅಂದರೆ, ಬಯಲಿಗೆ ಬೇಲಿ ಬಂತು. ಯಾರ್ಡ್ ಒಳಗೆ ಕೊಳ್ಳಬೇಕಾದರೆ ಲೈಸೆನ್ಸ್ ಬೇಕು. ಒಂದು ಎಪಿಎಂಸಿಯ ಲೈಸೆನ್ಸ್ ಇನ್ನೊಂದು ಎಪಿಎಂಸಿಯಲ್ಲಿ ನಡೆಯುತ್ತಿರಲಿಲ್ಲ. ಯಾರ್ಡಿನಲ್ಲಿ ಅಂಗಡಿಯೋ ಗೋದಾಮೋ ಇಲ್ಲದವನಿಗೆ ಲೈಸೆನ್ಸ್ ಸಿಗೋದೇ ಕಷ್ಟ, ಆದರೆ ಅಂಗಡಿಗಳ ಸಂಖ್ಯೆ ಇದ್ದಷ್ಟೇ. ಹೀಗಾಗಿ ದಾವಣಗೆರೆಯ ಖರೀದಿದಾರನಿಗೆ ಹಾವೇರಿಯಲ್ಲಿ ಮಾಲು ಬೇಕಿದ್ದರೆ ಹಾವೇರಿಯ ಒಬ್ಬ ವರ್ತಕನ ಮೂಲಕವೇ ಕೊಳ್ಳಬೇಕು. ವರ್ಷಗಳು ಉರುಳಿದ ಹಾಗೆ ಒಂದೊಂದು ಯಾರ್ಡಿನಲ್ಲೂ ಅದೇ ಹತ್ತು ಹದಿನೈದು ಮನೆತನ. ಬೆಳಗ್ಗೆ ಒಟ್ಟಿಗೆ ಚಹಾ ಕುಡಿಯುವವರು, ಒಬ್ಬರ ಮನೆ ಮದುವೆಗೆ ಇನ್ನೊಬ್ಬರು ಹೋಗುವವರು. ಅವರು ಕೂತು ಪಿತೂರಿ ಮಾಡುತ್ತಾರೆ ಅಂತ ನಾನು ಹೇಳುತ್ತಿಲ್ಲ. ಪಿತೂರಿ ಬೇಕಾಗಿಯೇ ಇಲ್ಲ. ಪ್ರತಿ ವಾರ ಅದೇ ಮುಖಗಳನ್ನು ನೋಡುವ ಹತ್ತು ಜನಕ್ಕೆ, ಯಾರು ಯಾವ ಮಾಲಿಗೆ ಎಷ್ಟರ ತನಕ ಹೋಗುತ್ತಾರೆ ಅನ್ನೋದು ಬಾಯಿಬಿಟ್ಟು ಹೇಳದೆಯೇ ಗೊತ್ತಿರುತ್ತದೆ. ರೈತನನ್ನು ಕಾಪಾಡಲಿಕ್ಕೆ ಬಂದ ನಿಯಮವೇ ಹೊಸ ಖರೀದಿದಾರನನ್ನು ಗೇಟಿನ ಹೊರಗೆ ನಿಲ್ಲಿಸಿತು.

ನಮ್ಮ ರಾಜ್ಯ ಇದಕ್ಕೆ ಒಂದು ಒಳ್ಳೆಯ ಉತ್ತರ ಹುಡುಕಿತ್ತು. ಅದು ನಮ್ಮಲ್ಲೇ ಎಷ್ಟೋ ಜನರಿಗೆ ಗೊತ್ತಿಲ್ಲ ಅನ್ನೋದು ನನಗೆ ಬೇಸರದ ಸಂಗತಿ. 2014ರಲ್ಲಿ ಕರ್ನಾಟಕ ಸರ್ಕಾರ ಎನ್‌ಸಿಡಿಇಎಕ್ಸ್ ಅನ್ನೋ ಸರಕು ವಿನಿಮಯ ಕೇಂದ್ರದ ಗುಂಪಿನ ಕಂಪನಿಯ ಜೊತೆ ಸೇರಿ ರಾಷ್ಟ್ರೀಯ ಇ-ಮಾರ್ಕೆಟ್ ಸರ್ವಿಸಸ್ ಅನ್ನೋ ಸಂಸ್ಥೆ ಮಾಡಿತು. ಅದರಡಿ ಏಕೀಕೃತ ಮಾರುಕಟ್ಟೆ ವೇದಿಕೆ ಶುರುವಾಯಿತು. ಕೇಂದ್ರ ಸರ್ಕಾರದ ಇ-ನಾಮ್ (ಇಡೀ ದೇಶಕ್ಕೆ ಮಾಡಿದ ಆನ್‌ಲೈನ್ ಕೃಷಿ ಮಾರುಕಟ್ಟೆ) ಬಂದದ್ದು 2016ರ ಏಪ್ರಿಲ್‌ನಲ್ಲಿ, ಅಂದರೆ ನಾವು ಮುಂದಿದ್ದೆವು.

ಕೆಲಸ ನಡೆಯೋದು ಹೀಗೆ. ಗೇಟಿನಲ್ಲಿ ಎಂಟ್ರಿ ಆದ ಕೂಡಲೇ ಪ್ರತಿ ರಾಶಿಗೆ ಒಂದು ಲಾಟ್ ನಂಬರ್ ಬೀಳುತ್ತದೆ. ಬೆಳಗ್ಗೆ ಖರೀದಿದಾರರು ಬಂದು ಮಾಲು ಹಿಡಿದು, ಹಲ್ಲಿನಲ್ಲಿ ಕಾಳು ಕಚ್ಚಿ ನೋಡಿ, ಆಮೇಲೆ ಕಂಪ್ಯೂಟರಿನಲ್ಲೋ ಮೊಬೈಲಿನಲ್ಲೋ ರೇಟ್ ಹಾಕುತ್ತಾರೆ. ಇಂತಿಷ್ಟು ಗಂಟೆಗೆ ಟೆಂಡರ್ ಬಂದ್. ಜಾಸ್ತಿ ಹಾಕಿದವರು ಯಾರು ಅಂತ ಕಂಪ್ಯೂಟರೇ ಹೇಳುತ್ತದೆ, ರೈತನಿಗೆ ಮೆಸೇಜ್ ಹೋಗುತ್ತದೆ. ರೇಟ್ ಒಪ್ಪಿಗೆ ಇಲ್ಲ ಅಂದರೆ ರೈತ ಬೇಡ ಅನ್ನಬಹುದು. ಮುಖ್ಯವಾದ ಬದಲಾವಣೆ ಅಂದರೆ, ಲೈಸೆನ್ಸ್ ಒಂದೇ ಯಾರ್ಡಿಗೆ ಕಟ್ಟಿಹಾಕಿದ್ದು ಸಡಿಲವಾಯಿತು. ಒಂದು ಕಡೆ ಲೈಸೆನ್ಸ್ ಇದ್ದವನು ಬೇರೆ ಮಾರುಕಟ್ಟೆಯ ಲಾಟಿಗೂ ರೇಟ್ ಹಾಕುವ ದಾರಿ ಆಯಿತು.

ಹಿಂದೆ ಇದೆಲ್ಲ ಚೀಟಿಯಲ್ಲಿ ನಡೆಯುತ್ತಿತ್ತು. ಒಬ್ಬೊಬ್ಬ ಖರೀದಿದಾರ ನೂರಾರು ಲಾಟಿಗೆ ಕೈಯಲ್ಲಿ ರೇಟ್ ಬರೆದು ಪೆಟ್ಟಿಗೆಗೆ ಹಾಕಬೇಕು, ಆಫೀಸಿನವರು ಒಂದೊಂದೇ ಚೀಟಿ ತೆಗೆದು ಹೋಲಿಸಬೇಕು. ಸಂಜೆ ಆಗುತ್ತಿತ್ತು, ಸೀಸನ್‌ನಲ್ಲಿ ರಾತ್ರಿಯೇ ಆಗುತ್ತಿತ್ತು. 7 ಯಾವುದು 1 ಯಾವುದು ಅಂತ ಜಗಳ. ಬರೆಯೋದೇ ಇಷ್ಟು ಕೆಲಸ ಆದಾಗ ಖರೀದಿದಾರ ಎಲ್ಲಾ ಲಾಟಿಗೂ ಬರೆಯುವುದಿಲ್ಲ, ತನಗೆ ಗೊತ್ತಿರುವ ನಾಲ್ಕು ದಲಾಲಿ ಅಂಗಡಿಯ ಮಾಲಿಗೆ ಮಾತ್ರ ಬರೆಯುತ್ತಾನೆ. ಕಂಪ್ಯೂಟರ್ ಬಂದ ಮೇಲೆ ಒಂದು ಲಾಟಿಗೆ ರೇಟ್ ಹಾಕುವ ಶ್ರಮ ಒಂದೆರಡು ಬಟನ್ ಒತ್ತುವಷ್ಟಕ್ಕೆ ಇಳಿಯಿತು. ಪೈಪೋಟಿ ಜಾಸ್ತಿ ಮಾಡಲಿಕ್ಕೆ ದೊಡ್ಡ ಸಿದ್ಧಾಂತ ಬೇಕಿಲ್ಲ, ಕೆಲವು ಸಲ ಬರೆಯುವ ಕೆಲಸ ಕಡಿಮೆ ಮಾಡಿದರೂ ಸಾಕು ಅಲ್ವಾ?

ಫಲ ಸಿಕ್ಕಿತಾ ಅಂದರೆ, ಸಿಕ್ಕಿತು. 2020ರಲ್ಲಿ ಪ್ರಕಟವಾದ ಒಂದು ಅಧ್ಯಯನ ಈ ವೇದಿಕೆ ಬಂದ ಮೇಲೆ ರೇಟ್ ಏನಾಯಿತು ಅಂತ ಬೆಳೆ ಬೆಳೆಗೆ ಲೆಕ್ಕ ಹಾಕಿತು. ಭತ್ತಕ್ಕೆ ಶೇ 5.1, ಶೇಂಗಾಕ್ಕೆ ಶೇ 3.6, ಗೋವಿನಜೋಳಕ್ಕೆ ಶೇ 3.5 ಏರಿಕೆ. ಕಡಿಮೆ ಅನ್ನಿಸಬಹುದು. ಆದರೆ ಸಣ್ಣ ರೈತನ ಲಾಭದ ಅಂಚು ಎಷ್ಟು ಅಂತ ಯೋಚಿಸಿ. ನೂರು ರೂಪಾಯಿ ಮಾಲು ಮಾರಿದಾಗ ಎಲ್ಲಾ ಖರ್ಚು ಕಳೆದು ಐದಾರು ರೂಪಾಯಿ ಉಳಿಯುವ ಕಡೆ, ಮೂರೂವರೆ ರೂಪಾಯಿ ಜಾಸ್ತಿ ಬಂದರೆ ಲಾಭ ಒಂದೂವರೆ ಪಟ್ಟಿಗಿಂತ ಜಾಸ್ತಿ ಆಗುತ್ತದೆ. ಯಾವ ಸಬ್ಸಿಡಿಯೂ ಇಲ್ಲದೆ, ಸರ್ಕಾರದ ಖಜಾನೆಯಿಂದ ಕ್ವಿಂಟಲ್‌ಗೆ ಒಂದು ಪೈಸೆ ಕೊಡದೆ ಬಂದ ಹಣ ಇದು. ಒಳ್ಳೆಯ ಗುಣಮಟ್ಟದ ಮಾಲು ತಂದವರಿಗೆ ಇನ್ನೂ ಜಾಸ್ತಿ ಅನುಕೂಲ ಆಯಿತು ಅನ್ನೋದನ್ನೂ ಅದೇ ಅಧ್ಯಯನ ತೋರಿಸಿತು.

ಎಲ್ಲಾ ಬೆಳೆಗೂ ಹೀಗೇ ಆಗಲಿಲ್ಲ. ಕಾರಣ ಹುಡುಕೋದು ಕಷ್ಟ ಅಲ್ಲ. ದೂರದ ಖರೀದಿದಾರನಿಗೆ ಲೈಸೆನ್ಸ್ ಕೊಟ್ಟಿರಿ ಸರಿ, ಆದರೆ ಅವನು ಮಾಲು ನೋಡದೆ ರೇಟ್ ಹಾಕುತ್ತಾನಾ? ತೇವ ಎಷ್ಟಿದೆ, ಕಸ ಎಷ್ಟಿದೆ, ಹುಳ ಹಿಡಿದ ಕಾಳು ಎಷ್ಟಿದೆ ಅಂತ ಯಾರಾದರೂ ಪರೀಕ್ಷೆ ಮಾಡಿ ಚೀಟಿ ಕೊಟ್ಟರೆ ಹಾಕುತ್ತಾನೆ. ಯಾರ್ಡ್‌ಗಳಲ್ಲಿ ಪರೀಕ್ಷೆ ಮಾಡುವ ಯಂತ್ರ ತಂದಿಟ್ಟರು. ಆದರೆ ಸೀಸನ್‌ನಲ್ಲಿ ಒಂದೇ ದಿನ ಸಾವಿರಾರು ಲಾಟ್ ಬಂದು ಬಿದ್ದಾಗ ಪ್ರತಿಯೊಂದಕ್ಕೂ ಸ್ಯಾಂಪಲ್ ತೆಗೆದು ಚೀಟಿ ಕೊಡುವಷ್ಟು ಜನ ಎಲ್ಲಿದ್ದಾರೆ? ಕೊನೆಗೆ ಹಲ್ಲಿನಲ್ಲಿ ಕಚ್ಚಿ ನೋಡಬಲ್ಲವರು, ಅಂದರೆ ಅಲ್ಲೇ ಇರುವವರು, ಮಾತ್ರ ಧೈರ್ಯವಾಗಿ ರೇಟ್ ಹಾಕುತ್ತಾರೆ. ಕಾಗದದ ಮೇಲೆ ಇಡೀ ರಾಜ್ಯಕ್ಕೆ ತೆರೆದ ಮಾರುಕಟ್ಟೆ, ನೆಲದ ಮೇಲೆ ಅದೇ ಹದಿನೈದು ಜನ.

ಇನ್ನೊಂದು ಗಂಟು ಇದೆ. ಇದನ್ನು ಹೇಳದಿದ್ದರೆ ಉಳಿದದ್ದೆಲ್ಲ ಅರ್ಧ ಸತ್ಯ ಆಗುತ್ತದೆ. ಅದು ಸಾಲದ ಗಂಟು.

ನಮ್ಮ ಅಪ್ಪ ಪ್ರತಿ ವರ್ಷ ಅದೇ ದಲಾಲಿ ಅಂಗಡಿಗೇ ಮಾಲು ಒಯ್ಯುತ್ತಿದ್ದರು. ಪಕ್ಕದ ಅಂಗಡಿಗೆ ಖರೀದಿದಾರರು ಜಾಸ್ತಿ ಬರುತ್ತಾರೆ ಅಂತ ಗೊತ್ತಿದ್ದರೂ ಅಲ್ಲಿಗೆ ಹೋಗುತ್ತಿರಲಿಲ್ಲ. ಯಾಕಂದ್ರೆ ಜೂನ್‌ನಲ್ಲಿ ಬೀಜ ಗೊಬ್ಬರಕ್ಕೆ ದುಡ್ಡು ಕೊಟ್ಟಿದ್ದು ಈ ಸಾಹುಕಾರರು. ಅಕ್ಕನ ಮದುವೆಗೆ ರಾತ್ರಿ ಒಂಬತ್ತಕ್ಕೆ ಫೋನ್ ಮಾಡಿದಾಗ ಐವತ್ತು ಸಾವಿರ ಕೊಟ್ಟಿದ್ದು ಇವರು. ಯಾವ ಬ್ಯಾಂಕ್ ರಾತ್ರಿ ಒಂಬತ್ತಕ್ಕೆ ಕೊಡುತ್ತದೆ? ಗಲ್ಲಾ ಪೆಟ್ಟಿಗೆ ಪಕ್ಕದ ಕೆಂಪು ಬಟ್ಟೆ ಹೊದಿಕೆಯ ಪುಸ್ತಕದಲ್ಲಿ ಅಪ್ಪನ ಹೆಸರಿಗೆ ಒಂದು ಪುಟ ಇತ್ತು. ಮಾಲು ಮಾರಿದ ದಿನ ಆ ಪುಟ ತೆರೆದು, ಕೊಟ್ಟದ್ದು, ಬಡ್ಡಿ, ಹಮಾಲಿ ಎಲ್ಲ ಮುರಿದು, ಉಳಿದದ್ದನ್ನು ಎಣಿಸಿ ಕೊಡುತ್ತಿದ್ದರು. ಕೆಟ್ಟ ಮನುಷ್ಯರಲ್ಲ ಅವರು. ಹಬ್ಬಕ್ಕೆ ಕರೆಯುತ್ತಿದ್ದರು, ಅಪ್ಪನಿಗೆ ಆರಾಮ ಇಲ್ಲದಾಗ ಬಂದು ನೋಡಿಕೊಂಡು ಹೋದರು. ಆದರೆ ಆ ಪುಟ ಇರುವ ತನಕ ಅಪ್ಪನಿಗೆ ರೇಟ್ ಬೇಡ ಅನ್ನುವ ಧೈರ್ಯ ಇರಲಿಲ್ಲ. ಆ ದಿನವೂ ಅಷ್ಟೇ. "ಸಾವ್ಕಾರ್ರ, ಮುಂದಿನ ಪ್ಯಾಟಿ ತನಕ ಇಟ್ಟರ ಹೆಂಗ?" ಅಂತ ಮೆಲ್ಲಗೆ ಕೇಳಿದರು. "ಇಡ್ರಿ, ನಾ ಏನ್ ಬ್ಯಾಡ ಅನ್ನೂದಿಲ್ಲ. ಮಳಿ ಬಂದು ತೊಯ್ದರ ನನ್ನ ಕೇಳಬ್ಯಾಡ್ರಿ" ಅಂದರು ಅವರು. ಅಪ್ಪ 1,910ಕ್ಕೆ ಕೊಟ್ಟರು.

ಕಾನೂನಿನಲ್ಲಿ ರೈತನಿಗೆ ಬೇಡ ಅನ್ನುವ ಹಕ್ಕಿದೆ. ಆ ಹಕ್ಕು ಬಳಸಲಿಕ್ಕೆ ಮೂರು ದಿನ ಕಾಯುವ ಶಕ್ತಿ ಬೇಕು, ಮಾಲು ಇಡಲಿಕ್ಕೆ ತೊಯ್ಯದ ಜಾಗ ಬೇಕು, ಕೈಯಲ್ಲಿ ಖರ್ಚಿಗೆ ದುಡ್ಡು ಬೇಕು. ಕಮಿಷನ್ ವಿಷಯವೂ ಹೀಗೇ. ಕರ್ನಾಟಕದ ನಿಯಮದ ಪ್ರಕಾರ ದಲಾಲಿ ಕಮಿಷನ್ ಕೊಡಬೇಕಾದವರು ಖರೀದಿದಾರರು, ರೈತರಲ್ಲ. ಆದರೂ ಬಿಳಿ ಚೀಟಿಯಲ್ಲಿ ಲೆಕ್ಕ ಬರೆದು ರೈತರಿಂದಲೇ ಮುರಿದುಕೊಳ್ಳುವ ದೂರು ಇವತ್ತಿಗೂ ನಿಂತಿಲ್ಲ. ಸಾಲ ಕೊಟ್ಟವನ ಎದುರು ನಿಂತು "ನಿಯಮದಲ್ಲಿ ಹಾಗಿಲ್ಲ" ಅಂತ ಹೇಳುವುದು ಎಷ್ಟು ಕಷ್ಟ ಅಂತ, ಸಾಲ ಮಾಡಿದವರಿಗೆ ಗೊತ್ತು.

ಇಷ್ಟು ಹೇಳಿದ ಮೇಲೆ 2020ಕ್ಕೆ ಬರೋಣ. ಆ ವರ್ಷ ಮೇ ತಿಂಗಳಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತಂದು, ಯಾರ್ಡಿನ ಹೊರಗೆ ನಡೆಯುವ ವ್ಯಾಪಾರದ ಮೇಲೆ ಎಪಿಎಂಸಿಗೆ ಇದ್ದ ಅಧಿಕಾರ ತೆಗೆದುಹಾಕಿತು. ಜೂನ್‌ನಲ್ಲಿ ಕೇಂದ್ರವೂ ಅದೇ ದಿಕ್ಕಿನ ಸುಗ್ರೀವಾಜ್ಞೆ ತಂದಿತು, ಸೆಪ್ಟೆಂಬರ್‌ನಲ್ಲಿ ಅದು ಕಾಯ್ದೆ ಆಯಿತು, ದೆಹಲಿ ಗಡಿಯಲ್ಲಿ ಒಂದು ವರ್ಷದ ಹೋರಾಟದ ನಂತರ 2021ರ ನವೆಂಬರ್‌ನಲ್ಲಿ ರದ್ದಾಯಿತು. ರಾಜ್ಯದ ತಿದ್ದುಪಡಿ ಮಾತ್ರ ಉಳಿಯಿತು. 2023ರಲ್ಲಿ ಹೊಸ ಸರ್ಕಾರ ಬಂದು ಅದನ್ನು ವಾಪಸ್ ತೆಗೆದುಕೊಳ್ಳುವ ಮಸೂದೆ ತಂದಿತು.

ಹೊರಗೆ ಮಾರಲಿಕ್ಕೆ ಬಿಟ್ಟರೆ ತಪ್ಪೇನು? ತಪ್ಪೇನಿಲ್ಲ, ಇನ್ನೊಬ್ಬ ಖರೀದಿದಾರ ಸಿಕ್ಕ ಹಾಗೆ. ನನ್ನ ಲೆಕ್ಕದಲ್ಲಿ ಅದು ಒಳ್ಳೆಯದೇ ಆಗಬೇಕು. ಊರಿಗೇ ಬಂದು ತೂಗಿಸಿಕೊಂಡು, ಅಲ್ಲೇ ನೋಟು ಎಣಿಸಿ ಕೊಟ್ಟು ಹೋಗುವ ವ್ಯಾಪಾರಿಯಿಂದ ಟ್ರ್ಯಾಕ್ಟರ್ ಬಾಡಿಗೆ ಉಳಿಯುತ್ತದೆ, ಒಂದು ದಿನ ಉಳಿಯುತ್ತದೆ. ತೊಂದರೆ ಇರೋದು ಬೇರೆ ಕಡೆ. ಅವನು ಬಂದು ಹೇಳುವ ಮೊದಲ ಮಾತು ಏನು? "ಇವತ್ತು ಪೇಟೆಯಲ್ಲಿ ಇಷ್ಟಿದೆ, ನಾನು ಇಷ್ಟು ಕೊಡುತ್ತೇನೆ." ಅಂದರೆ ಅವನ ರೇಟ್ ನಿಂತಿರೋದು ಯಾರ್ಡಿನ ರೇಟಿನ ಮೇಲೆ. ಆ ರೇಟ್ ಹುಟ್ಟಬೇಕಾದರೆ ಯಾರ್ಡಿನಲ್ಲಿ ಮಾಲು ಬರಬೇಕು, ಖರೀದಿದಾರರು ಬರಬೇಕು, ಕಂಪ್ಯೂಟರ್ ನಡೆಯಬೇಕು, ತೂಕ ಮಾಡುವವರಿಗೆ ಸಂಬಳ ಆಗಬೇಕು. ಒಳಗಿನವರು ಸೆಸ್ (ಮಾರುಕಟ್ಟೆ ಶುಲ್ಕ) ಕೊಟ್ಟು ಇದನ್ನೆಲ್ಲ ನಡೆಸುತ್ತಾರೆ. ಹೊರಗಿನವನು ಏನೂ ಕೊಡದೆ ಅದೇ ರೇಟನ್ನು ಬಳಸಿಕೊಳ್ಳುತ್ತಾನೆ. ಒಳಗಿನವನು ಎಷ್ಟು ದಿನ ಒಳಗಿರುತ್ತಾನೆ? ಅವನೂ ಹೊರಗೆ ಬಂದ ಮೇಲೆ ಯಾರ್ಡಿನಲ್ಲಿ ಹದಿನೈದು ಇದ್ದವರು ಏಳಾಗುತ್ತಾರೆ, ಏಳು ಜನ ಹಾಕುವ ರೇಟ್ ಇಳಿಯುತ್ತದೆ, ಅದನ್ನೇ ನೋಡಿ ಹೊರಗಿನ ರೇಟೂ ಇಳಿಯುತ್ತದೆ. ಹೊರಗೆ ಪೈಪೋಟಿ ಇದೆ ಅಂತ ಕಾಣುತ್ತದೆ, ಆದರೆ ಒಂದು ಊರಿಗೆ ಒಂದು ದಿನ ಬರುವವನು ಒಬ್ಬನೇ.

ಬಿಹಾರ ಎಪಿಎಂಸಿ ಕಾಯ್ದೆಯನ್ನೇ 2006ರಲ್ಲಿ ರದ್ದು ಮಾಡಿತು. ದೊಡ್ಡ ಖಾಸಗಿ ಮಾರುಕಟ್ಟೆಗಳು ತಾವಾಗಿ ಎದ್ದು ನಿಲ್ಲುತ್ತವೆ ಅಂತ ಆಗ ನಿರೀಕ್ಷೆ ಇತ್ತು. ಅವು ಬರಲಿಲ್ಲ. ಹಳೆಯ ಯಾರ್ಡ್‌ಗಳ ಶೆಡ್ಡು, ರಸ್ತೆಗಳೂ ನೋಡುವವರಿಲ್ಲದೆ ಹಾಳುಬಿದ್ದವು. ಬೇಲಿ ಕಿತ್ತರು ಸರಿ, ಅದರ ಜೊತೆ ಬಯಲೂ ಹೋಯಿತು.

ಸೆಸ್ ಬಗ್ಗೆ ಒಂದು ಮಾತು, ಯಾಕಂದ್ರೆ ಈ ಲೆಕ್ಕವನ್ನು ಎರಡೂ ಕಡೆಯವರು ತಮಗೆ ಬೇಕಾದ ಹಾಗೆ ಹೇಳುತ್ತಾರೆ. 2020ರ ನಂತರ ಎಪಿಎಂಸಿಗಳ ಆದಾಯ ತೀರಾ ಕುಸಿಯಿತು. "ನೋಡಿ, ಮಾಲೆಲ್ಲ ಹೊರಗೆ ಹೋಯಿತು" ಅಂತ ಕೆಲವರು ಇದನ್ನೇ ಸಾಕ್ಷಿ ಮಾಡುತ್ತಾರೆ. ಆದರೆ ಅದೇ ಸಮಯದಲ್ಲಿ ಸೆಸ್ ದರವನ್ನೂ ಶೇ 1.5ರಿಂದ ಇಳಿಸಿದರು, ಕೊನೆಗೆ ಅದು ಶೇ 0.60ಕ್ಕೆ ನಿಂತಿತು. ಮಾಲು ಒಂದು ಚೀಲವೂ ಕಡಿಮೆ ಆಗದಿದ್ದರೂ ಈ ಒಂದು ಬದಲಾವಣೆಯಿಂದಲೇ 100 ರೂಪಾಯಿ ಆದಾಯ 40 ಆಗುತ್ತದೆ. ಹಾಗಾಗಿ ಆದಾಯ ಬಿದ್ದದ್ದನ್ನು ನೋಡಿ ರೈತರು ಓಡಿಹೋದರು ಅನ್ನಲಿಕ್ಕೆ ಬರುವುದಿಲ್ಲ. ನೋಡಬೇಕಾದದ್ದು ಲಾಟ್‌ಗಳ ಸಂಖ್ಯೆ, ಒಂದೊಂದು ಲಾಟಿಗೆ ಬಿದ್ದ ಟೆಂಡರ್‌ಗಳ ಸಂಖ್ಯೆ. ಅದು ಕಂಪ್ಯೂಟರಿನಲ್ಲೇ ಇದೆ. ಹಾಗಿದ್ದೂ ವಿಧಾನಸೌಧದಲ್ಲಿ ನಡೆಯುವ ಚರ್ಚೆಯಲ್ಲಿ ಆದಾಯದ ಅಂಕಿ ಬರುತ್ತದೆ, ಟೆಂಡರ್ ಎಣಿಕೆ ಬರುವುದಿಲ್ಲ. ಇದು ನನಗೆ ನಿಜಕ್ಕೂ ಸಿಟ್ಟು ತರಿಸುವ ವಿಷಯ.

ಬ್ಯಾಡಗಿಯಲ್ಲಿ 2024ರ ಮಾರ್ಚ್ 11ರಂದು ಆದದ್ದು ಎಲ್ಲರಿಗೂ ನೆನಪಿರಬೇಕು. ಸೋಮವಾರ, ಸಂತೆ ದಿನ. ಮೆಣಸಿನಕಾಯಿ ರೇಟ್ ಒಮ್ಮೆಲೇ ಬಿತ್ತು ಅಂತ ರೈತರು ಎಪಿಎಂಸಿ ಆಫೀಸಿಗೆ ನುಗ್ಗಿದರು, ವಾಹನಗಳಿಗೆ ಬೆಂಕಿ ಬಿತ್ತು. ಬೆಂಕಿ ಹಚ್ಚಿದ್ದು ಸರಿ ಅಂತ ಯಾರೂ ಹೇಳುವುದಿಲ್ಲ. ಆದರೆ ಸಿಟ್ಟು ಎಲ್ಲಿಂದ ಬಂತು ಅಂತ ನೋಡಬೇಕು. ಬ್ಯಾಡಗಿ ಸಣ್ಣ ಯಾರ್ಡ್ ಅಲ್ಲ. ಅಲ್ಲಿ ಇ-ಟೆಂಡರ್ ಇದೆ, ಖರೀದಿದಾರರೂ ಬೇಕಾದಷ್ಟು. ಆಂಧ್ರದಿಂದಲೂ ಮಾಲು ಬರುತ್ತದೆ. ಅಷ್ಟಿದ್ದೂ ರಾತ್ರಿಯಿಡೀ ಪ್ರಯಾಣ ಮಾಡಿ ಬಂದವನಿಗೆ ಕಂಡದ್ದು ಒಂದು ಸಂಖ್ಯೆ ಮಾತ್ರ. ಹೋದ ಗುರುವಾರ ಅಷ್ಟಿತ್ತು, ಇವತ್ತು ಇಷ್ಟು. ಯಾಕೆ ಬಿತ್ತು? ಮಾಲು ಜಾಸ್ತಿ ಬಂತಾ, ತೇವ ಜಾಸ್ತಿ ಇತ್ತಾ, ಬಣ್ಣ ಕಡಿಮೆ ಇತ್ತಾ, ಅಥವಾ ಇವರೆಲ್ಲ ಮಾತಾಡಿಕೊಂಡು ಬಂದರಾ? ಕಂಪ್ಯೂಟರ್ ರೇಟ್ ಹೇಳಿತು, ಕಾರಣ ಹೇಳಲಿಲ್ಲ. ಕಾರಣ ಗೊತ್ತಾಗದ ಕಡೆ ಅನುಮಾನ ತುಂಬಿಕೊಳ್ಳುತ್ತದೆ. ಟವೆಲ್ ಕೆಳಗಿನ ಕೈ ಹೋಗಿ ಪರದೆ ಬಂತು, ಆದರೆ ಪರದೆಯ ಹಿಂದೆ ಏನಾಗುತ್ತಿದೆ ಅನ್ನೋದು ರೈತನಿಗೆ ಇನ್ನೂ ಕಾಣುತ್ತಿಲ್ಲ.

ಒಂದು ಮಿತಿಯನ್ನೂ ಒಪ್ಪಿಕೊಳ್ಳಬೇಕು. ಒಳ್ಳೆಯ ಟೆಂಡರ್ ವ್ಯವಸ್ಥೆ ಇದ್ದರೆ ರೇಟ್ ಯಾವಾಗಲೂ ಚೆನ್ನಾಗಿರುತ್ತದೆ ಅಂತಲ್ಲ. 2025–26ರ ಹಂಗಾಮಿಗೆ ಗೋವಿನಜೋಳದ ಬೆಂಬಲ ಬೆಲೆ 2,400 ರೂಪಾಯಿ. ಅದೇ ನವೆಂಬರ್‌ನಲ್ಲಿ ಪೇಟೆಯಲ್ಲಿ 2,000ವೂ ಸಿಗದೆ ಹಾವೇರಿ, ಗದಗ ಜಿಲ್ಲೆಯ ರೈತರು ರಸ್ತೆಗೆ ಇಳಿದರು, ಲಕ್ಷ್ಮೇಶ್ವರದಲ್ಲಿ ಧರಣಿ ಕೂತರು. ಬೆಂಬಲ ಬೆಲೆ ಅಂದರೆ ವ್ಯಾಪಾರಿ ಕೊಡಲೇಬೇಕಾದ ಬೆಲೆ ಅಂತ ಎಷ್ಟೋ ಜನ ತಿಳಿದಿದ್ದಾರೆ. ಹಾಗಲ್ಲ. ಸರ್ಕಾರ ಖರೀದಿ ಕೇಂದ್ರ ತೆರೆದು ತಾನೇ ಕೊಂಡರೆ ಮಾತ್ರ ಅದು ಸಿಗೋದು. ಕೇಂದ್ರ ತೆರೆಯುವುದು ತಡ ಆದರೆ ಆ 2,400 ಬರೀ ಘೋಷಣೆ. ಬೆಳೆ ಭರ್ಜರಿಯಾಗಿ ಬಂದು, ಕೋಳಿ ಆಹಾರದವರು, ಸ್ಟಾರ್ಚ್ ಫ್ಯಾಕ್ಟರಿ, ಎಥೆನಾಲ್ ಘಟಕಗಳು ಕೊಳ್ಳುವಷ್ಟಕ್ಕಿಂತ ಮಾಲು ಜಾಸ್ತಿ ಆದಾಗ ಐದು ಜನ ಟೆಂಡರ್ ಹಾಕಿದರೂ ಐವರೂ ಕಡಿಮೆಯೇ ಹಾಕುತ್ತಾರೆ. ಆದರೆ ಆಗಲೂ ಇಬ್ಬರು ಹಾಕುವುದಕ್ಕಿಂತ ಐವರು ಹಾಕುವುದೇ ವಾಸಿ, ಯಾಕಂದ್ರೆ ಬಿದ್ದ ರೇಟಿನ ಮೇಲೆ ಇನ್ನೂ 75 ರೂಪಾಯಿ ಕಳೆದುಕೊಳ್ಳುವ ಶಕ್ತಿ ಯಾರಿಗಿದೆ?

ನನಗೆ ಏನು ಬೇಕು ಅಂತ ಕೇಳಿದರೆ, ಮೊದಲನೆಯದಾಗಿ ಆ ಮೆಸೇಜ್‌ನಲ್ಲಿ ಇನ್ನೊಂದು ಸಾಲು ಬೇಕು. ನಿಮ್ಮ ಲಾಟಿಗೆ ಇಷ್ಟು ಜನ ಟೆಂಡರ್ ಹಾಕಿದರು, ಎರಡನೇ ರೇಟ್ ಇಷ್ಟು. ಖರ್ಚು ಏನೂ ಇಲ್ಲ, ಮಾಹಿತಿ ಆಗಲೇ ಕಂಪ್ಯೂಟರಿನಲ್ಲಿದೆ. ಇಬ್ಬರೇ ಹಾಕಿದ್ದಾರೆ ಅಂತ ಗೊತ್ತಾದರೆ ರೈತ ಮುಂದಿನ ಸಲ ಅಂಗಡಿ ಬದಲಿಸಬಹುದು, ಯಾರ್ಡ್ ಬದಲಿಸಬಹುದು, ಆ ಭಯಕ್ಕಾದರೂ ದಲಾಲಿ ನಾಲ್ಕು ಖರೀದಿದಾರರನ್ನು ಕರೆದು ತಂದು ರಾಶಿ ತೋರಿಸುತ್ತಾನೆ. ಇನ್ನು ಪರೀಕ್ಷೆ ಮಾಡಿ ಚೀಟಿ ಕೊಡುವವರು ಸೀಸನ್‌ನ ಎರಡು ಮೂರು ತಿಂಗಳಿಗಾದರೂ ಜಾಸ್ತಿ ಬೇಕು, ಸೆಸ್ ಹಣ ಕಾಂಪೌಂಡ್ ಗೋಡೆಗೆ ಹೋಗುವ ಬದಲು ಅಲ್ಲಿಗೆ ಹೋಗಲಿ. ಹೊರಗೆ ಕೊಳ್ಳುವವರು ಕೊಳ್ಳಲಿ, ಆದರೆ ಎಷ್ಟಕ್ಕೆ ಕೊಂಡರು ಅಂತ ಅದೇ ದಿನ ಅದೇ ವೇದಿಕೆಯಲ್ಲಿ ಹಾಕಬೇಕು, ಒಳಗಿನವರು ಕೊಡುವಷ್ಟೇ ಸೆಸ್ ಕೊಡಬೇಕು. ಮಾಲು ಗೋದಾಮಿನಲ್ಲಿಟ್ಟು ಅದರ ಮೇಲೆ ಸಾಲ ತೆಗೆಯುವ ಅಡಮಾನ ಸಾಲದ ವ್ಯವಸ್ಥೆ ಹೆಸರಿಗೆ ಇದೆ. ಅದು ಅದೇ ಯಾರ್ಡಿನಲ್ಲಿ, ಅದೇ ದಿನ ಸಂಜೆಯೊಳಗೆ ಸಿಗುವ ಹಾಗಾದರೆ ಕೆಂಪು ಪುಸ್ತಕದ ಪುಟ ತಾನಾಗಿ ತೆಳುವಾಗುತ್ತದೆ.

ಅಪ್ಪ ಆ ಪುಟ ಮುಗಿಸಿದ್ದು ಹೋದ ವರ್ಷ. ತಮ್ಮನ ಸಂಬಳ ಬರಲಿಕ್ಕೆ ಶುರುವಾದ ಮೇಲೆ ಸೊಸೈಟಿಯಲ್ಲಿ ಬೆಳೆ ಸಾಲ ಮಾಡಿ, ಸಾಹುಕಾರರ ಬಾಕಿ ತೀರಿಸಿ ಬಂದರು. ಈಗಲೂ ಆ ಅಂಗಡಿಗೆ ಹೋಗಿ ಚಹಾ ಕುಡಿದೇ ಬರುತ್ತಾರೆ. ಆದರೆ ಮಾಲನ್ನು ನಾಲ್ಕು ಅಂಗಡಿ ಆಚೆಗೆ ಹಾಕುತ್ತಾರೆ, ರೇಟ್ ಬಂದ ಮೇಲೆ ಮೆಸೇಜ್ ಓದಿ ಸುಮ್ಮನೆ ಕೂರುವುದಿಲ್ಲ, ಎದ್ದು ಆಫೀಸಿಗೆ ಹೋಗಿ ಕಂಪ್ಯೂಟರ್ ಹುಡುಗನನ್ನು ಕೇಳುತ್ತಾರೆ: "ಎಷ್ಟು ಮಂದಿ ಹಾಕ್ಯಾರೋ ತಮ್ಮಾ?"